ಬಿಟ್ಟುಹೋಗಿದ್ದ 12 ಅಕ್ಷರ: ನಾಟ್ಟಿಲಿಕ್ ಬರಹ ಯೂನಿಕೋಡಿಗೆ ಬಂದ ಪ್ರಕರಣ

ಕೆನಡಾದ ಉತ್ತರ ತುದಿಯಲ್ಲಿ ಇನುಯಿಟ್ ಜನ ಇದ್ದಾರೆ. ಸಮುದ್ರದ ಮೇಲೆ ಕಟ್ಟುವ ಮಂಜುಗಡ್ಡೆಗೆ ಪೂರ್ವದ ಕಡೆಯವರು ‘ಸಿಕು’ ಅನ್ನುತ್ತಾರೆ. ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಅದೇ ಪದ ‘ಹಿಕು’ ಆಗುತ್ತದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತಲ್ಲ, ಹೆಚ್ಚುಕಡಿಮೆ ಹಾಗೆ. ದನಿ ಬದಲಾದರೆ ಬರೆಯುವ ಅಕ್ಷರವೂ ಬದಲಾಗಬೇಕು, ಅಲ್ವಾ? ಕೈಬರಹದಲ್ಲಿ ಅದು ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಮಾತ್ರ, ಇನುಯಿಟ್‌ರಲ್ಲೇ ಒಂದು ಗುಂಪಾದ ನಾಟ್ಟಿಲಿಕ್ ಜನ ಬರೆಯುವ ಆ ‘ಹಿ’ ಅಕ್ಷರಕ್ಕೆ 2021ರವರೆಗೂ ಜಾಗ ಇರಲಿಲ್ಲ.

ಆ ಜಾಗ ಹೇಗೆ ಸಿಕ್ಕಿತು, ದಾರಿಯಲ್ಲಿ ಯಾವ ಯಾವ ತೀರ್ಮಾನ ಬಂತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೆಲಸ ಮಾಡಿದವರ ಹೆಸರು ಹಾಕಿಲ್ಲ. ಸಮುದಾಯ, ವರ್ಷ, ಅಕ್ಷರಗಳ ಲೆಕ್ಕ ಇಷ್ಟೇ ಇವೆ. ನಾನು ದಿನಾ ಕನ್ನಡದ ಪುಟ ಕಟ್ಟುವವನು. ಹಳೆಯ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ನಂಬರ್ ಕೊಟ್ಟಿರುವ, ಕಂಪ್ಯೂಟರುಗಳೆಲ್ಲ ಬಳಸುವ ಪಟ್ಟಿಗೆ, ತರುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಾಗಿ ಈ ಕತೆ ನನಗೆ ದೂರದ್ದು ಅನ್ನಿಸಲಿಲ್ಲ.

ತಿರುಗುವ ಅಕ್ಷರಗಳು

ಮೊದಲು ಈ ಬರಹ ಹೇಗಿದೆ ಅಂತ ನೋಡಬೇಕು. ಇದನ್ನು ಸಿಲ್ಯಾಬಿಕ್ಸ್ ಅನ್ನುತ್ತಾರೆ. ಒಂದು ಗುಣಿತಾಕ್ಷರಕ್ಕೆ ಒಂದು ಚಿಹ್ನೆ. ನಮ್ಮಲ್ಲಿ ‘ಪ’ ಇದ್ದರೆ ಅದಕ್ಕೆ ಗುಡಿಸು ಕೊಟ್ಟು ‘ಪಿ’, ಕೊಂಬು ಕೊಟ್ಟು ‘ಪು’ ಮಾಡುತ್ತೇವೆ. ಅಲ್ಲಿ ಗುಡಿಸೂ ಇಲ್ಲ, ಕೊಂಬೂ ಇಲ್ಲ. ಅಕ್ಷರವನ್ನೇ ತಿರುಗಿಸುತ್ತಾರೆ. ಎರಡು ಗೆರೆ ಸೇರಿ ಬಾಣದ ತುದಿಯಂತಿರುವ ಒಂದು ಆಕಾರ. ಅದರ ಮೂತಿ ಮೇಲಕ್ಕಿದ್ದರೆ ‘ಪಿ’. ಬಲಕ್ಕೆ ತಿರುಗಿದರೆ ‘ಪು’. ಎಡಕ್ಕೆ ತಿರುಗಿದರೆ ‘ಪ’. ದೀರ್ಘ ಬೇಕೆಂದರೆ ತಲೆಯ ಮೇಲೆ ಒಂದು ಚುಕ್ಕಿ. ಸ್ವರವಿಲ್ಲದ ‘ಪ್’ ಬೇಕೆಂದರೆ ‘ಪ’ದ್ದೇ ಆಕಾರವನ್ನು ಪುಟ್ಟದು ಮಾಡಿ ಸ್ವಲ್ಪ ಮೇಲಕ್ಕೆ ಏರಿಸಿ ಬರೆಯುತ್ತಾರೆ. ಒಂದು ಕಾಗದದ ಮೇಲೆ ಬಾಣದ ತುದಿ ಬರೆದು ಕಾಗದವನ್ನೇ ತಿರುಗಿಸಿ ನೋಡಿ. ಅರ್ಧ ಕಾಗುಣಿತ ಬಂದುಬಿಡುತ್ತದೆ.

ಈ ಲಿಪಿಗೆ ನಮ್ಮ ಕಡೆಯ ನಂಟೂ ಉಂಟು. 1840ರಲ್ಲಿ ಕೆನಡಾದ ನಾರ್ವೆ ಹೌಸ್ ಎಂಬ ಊರಿನಲ್ಲಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿ ಅಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆಗಾಗಿ ಇದನ್ನು ಅಚ್ಚಿಗೆ ತಂದರು. ಚಹಾ ಪೆಟ್ಟಿಗೆಯ ಒಳಗಿನ ಸೀಸದ ಹಾಳೆ ಕರಗಿಸಿ ಅಚ್ಚಿನ ಮೊಳೆ ಎರಕ ಹೊಯ್ದರು ಎನ್ನುತ್ತಾರೆ. ಆಕಾರಗಳ ಹಿಂದೆ ದೇವನಾಗರಿಯ ಮತ್ತು ಶಾರ್ಟ್‌ಹ್ಯಾಂಡಿನ ನೆರಳಿದೆ ಅನ್ನುವುದು ವಿದ್ವಾಂಸರಲ್ಲಿ ಬಳಕೆಯಲ್ಲಿರುವ ಮಾತು. ಕ್ರೀ ಜನ ಹೇಳಿಕೊಂಡು ಬಂದ ಕತೆ ಬೇರೆ. ಈ ಅಕ್ಷರಗಳು ತಮ್ಮ ಹಿರಿಯನೊಬ್ಬನಿಗೆ ದೈವಲೋಕದಿಂದ ಸಿಕ್ಕ ಕಾಣಿಕೆ ಎನ್ನುತ್ತಾರೆ ಅವರು. ಆ ಕತೆಗೂ ಅಷ್ಟೇ ಗೌರವ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅಕ್ಷರವನ್ನು ಮನೆ ಮನೆಗೆ ಮುಟ್ಟಿಸಿದ್ದು, ಒಬ್ಬರಿಂದ ಒಬ್ಬರಿಗೆ ಕಲಿಸಿದ್ದು ಆ ಜನವೇ.

ಕ್ರೀಯಿಂದ ಒಜಿಬ್ವೆ, ಡೆನೆ, ಆಮೇಲೆ ಇನುಯಿಟ್ ಭಾಷೆಗಳಿಗೆ ಇದು ಹಬ್ಬಿತು. ಹಬ್ಬಿದ ಕಡೆಯಲ್ಲೆಲ್ಲ ಅಲ್ಲಲ್ಲಿನ ದನಿಗೆ ಬೇಕಾದ ಅಕ್ಷರ ಹುಟ್ಟಿಕೊಂಡವು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಅದು ಬೇಕು. ಇನುಯಿಟ್ ಬರಹದಲ್ಲಿ ಮೊದಲು ನಾಲ್ಕನೆಯ ದಿಕ್ಕೂ ಇತ್ತು. ಮೂತಿ ಕೆಳಕ್ಕಿದ್ದರೆ ‘ಪೈ’. 1976ರಲ್ಲಿ ಬರಹವನ್ನು ಒಂದು ಮಾದರಿಗೆ ತಂದಾಗ ಆ ಸಾಲನ್ನೇ ಕೈಬಿಟ್ಟರು. ಟೈಪ್‌ರೈಟರಿನಲ್ಲಿ ಅಷ್ಟು ಅಕ್ಷರಕ್ಕೆ ಜಾಗ ಸಾಲದು ಅನ್ನುವುದು ಅದಕ್ಕಿದ್ದ ದೊಡ್ಡ ಕಾರಣ. ಮಿಷಿನ್ ಚಿಕ್ಕದಾಯಿತು ಅಂತ ಬರಹವನ್ನು ಕತ್ತರಿಸಿದರು. ನಮ್ಮ ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಒತ್ತಕ್ಷರಗಳು ಪಟ್ಟ ಪಾಡು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಪಟ್ಟಿಯಲ್ಲಿ ಇಲ್ಲದವರು

ಕಿಂಗ್ ವಿಲಿಯಂ ದ್ವೀಪದ ಮೇಲೆ ಜೋ ಹೇವನ್ ಎಂಬ ಊರಿದೆ. ಅಲ್ಲಿನವರು ತಮ್ಮ ಊರನ್ನು ಕರೆಯುವುದು ಉಕ್ಸುಕ್ತೂಕ್ ಎಂದು. ಅದರ ಸುತ್ತಿನ ಸೀಮೆಯಲ್ಲಿ ತಲೊಯೊಆಕ್, ಕುಗಾರುಕ್ ಎಂಬ ಊರುಗಳಿವೆ. ಇವು ನಾಟ್ಟಿಲಿಕ್ ಜನರ ಊರುಗಳು. ಎಲ್ಲವೂ ನೂನವುಟ್ ಪ್ರಾಂತ್ಯಕ್ಕೆ ಸೇರಿವೆ. ಇವರ ನುಡಿಯಲ್ಲಿ ಎರಡು ದನಿ ವಿಶೇಷ. ಒಂದು ಈಗ ಹೇಳಿದ ‘ಹ’. ಇನ್ನೊಂದು ‘ಶ’ಕಾರಕ್ಕೂ ‘ರ’ಕಾರಕ್ಕೂ ನಡುವೆ ನಿಲ್ಲುವ ದನಿ. ರೋಮನ್‌ನಲ್ಲಿ ಬರೆಯುವಾಗ ಎಸ್, ಎಚ್, ಆರ್ ಮೂರನ್ನೂ ಕೂಡಿಸಬೇಕಾದಂಥದ್ದು. ಈ ಎರಡು ದನಿಗೂ ಅವರ ಬರಹದಲ್ಲಿ ಬೇರೆಯೇ ಅಕ್ಷರ ಇದ್ದವು.

1990ರ ದಶಕದಲ್ಲಿ ಕೆನಡಾದ ಒಂದು ಸಮಿತಿ ಎಲ್ಲ ಸಿಲ್ಯಾಬಿಕ್ಸ್ ಅಕ್ಷರಗಳನ್ನೂ ಒಂದೇ ಕಡೆ ಸೇರಿಸುವ ಕೆಲಸಕ್ಕೆ ಕೈ ಹಾಕಿತು. ಕ್ರೀಗೆ ಒಂದು, ಡೆನೆಗೆ ಒಂದು, ಇನುಯಿಟ್‌ಗೆ ಒಂದು ಅಂತ ಬೇರೆ ಬೇರೆ ಮಾಡದೆ ಒಟ್ಟಾಗಿ ಇಡೋಣ ಅನ್ನುವುದು ತೀರ್ಮಾನ. ಇದು ಒಳ್ಳೆಯ ತೀರ್ಮಾನವೇ. ಒಂದೇ ಆಕಾರ ಹಲವು ಭಾಷೆಗಳಲ್ಲಿ ಬರುವಾಗ ಅದನ್ನು ಮತ್ತೆ ಮತ್ತೆ ಸೇರಿಸಿದರೆ ಹುಡುಕಾಟ ಕೆಡುತ್ತದೆ, ಫಾಂಟ್ ಮಾಡುವವರಿಗೂ ಗೊಂದಲ. 1999ರಲ್ಲಿ ಯೂನಿಕೋಡಿನ 3.0 ಆವೃತ್ತಿ ಬಂದಾಗ 630 ಅಕ್ಷರಗಳು ಒಳಗೆ ಬಂದವು. ಅದೇ ವರ್ಷ ಏಪ್ರಿಲ್ 1ಕ್ಕೆ ನೂನವುಟ್ ಪ್ರಾಂತ್ಯವೂ ಹುಟ್ಟಿತ್ತು. ಸಂಭ್ರಮದ ವರ್ಷ.

ಆದರೆ ಆ 630ರಲ್ಲಿ ನಾಟ್ಟಿಲಿಕ್‌ನವರ ಎರಡು ಸಾಲು ಇರಲಿಲ್ಲ.

2009ರಲ್ಲಿ ಯೂನಿಕೋಡ್ 5.2 ಬಂತು. ಬಿಟ್ಟುಹೋದದ್ದನ್ನು ಸೇರಿಸುವ ಎರಡನೆಯ ಅವಕಾಶ. ಆಗ ಇನ್ನೂ 80 ಸಿಲ್ಯಾಬಿಕ್ಸ್ ಅಕ್ಷರ ಸೇರಿದವು. ಆಗಲೂ ಈ ಎರಡು ಸಾಲು ಬರಲಿಲ್ಲ.

ಇಲ್ಲಿ ಒಬ್ಬರನ್ನು ಹಿಡಿದು ತಪ್ಪು ಹೊರಿಸುವುದರಲ್ಲಿ ಅರ್ಥವಿಲ್ಲ. ಪಟ್ಟಿ ಮಾಡುವವರ ಮೇಜಿನ ಮೇಲೆ ಏನಿದೆಯೋ ಅದು ಪಟ್ಟಿಗೆ ಬರುತ್ತದೆ. ಅಚ್ಚಾದ ಪುಸ್ತಕ, ಬೈಬಲ್, ಸರ್ಕಾರದ ಪ್ರಕಟಣೆ ಇವೆಲ್ಲ ಮೇಜಿನ ತನಕ ಬರುತ್ತವೆ. ಅಡುಗೆಮನೆಯ ಗೋಡೆಗೆ ಅಂಟಿಸಿದ ಚೀಟಿ, ಶಾಲೆಯ ಕಪ್ಪು ಹಲಗೆ, ಅಜ್ಜಿ ಮೊಮ್ಮಗಳಿಗೆ ಬರೆದ ಪತ್ರ ಬರುವುದಿಲ್ಲ. ಸಣ್ಣ ನುಡಿಯೊಂದರ ಬರಹ ಜಾಸ್ತಿ ಬದುಕುವುದು ಈ ಎರಡನೆಯ ಜಾಗದಲ್ಲೇ.

ಇದ್ದ ದಾರಿಗಳು, ಒಂದೊಂದರ ಬೆಲೆ

ಅಕ್ಷರ ಇಲ್ಲದಿದ್ದರೆ ಜನ ಸುಮ್ನೆ ಕೂರುವುದಿಲ್ಲ. ಏನಾದರೂ ಒಂದು ದಾರಿ ಹಿಡಿಯಲೇಬೇಕು. ನಾಟ್ಟಿಲಿಕ್‌ನವರ ಮುಂದೆ ನಾಲ್ಕು ದಾರಿಗಳಿದ್ದವು. ಪ್ರತಿಯೊಂದಕ್ಕೂ ಅದರದ್ದೇ ಬೆಲೆ ಇತ್ತು.

ಮೊದಲನೆಯದು ಹತ್ತಿರದ ಅಕ್ಷರ ಬಳಸುವುದು. ‘ಸಿಕು’ ಅಂತಲೇ ಬರೆದು ‘ಹಿಕು’ ಅಂತ ಓದಿಕೊಳ್ಳುವುದು. ದೊಡ್ಡವರಿಗೆ ಇದು ನಡೆದೀತು. ಪದ ಅವರಿಗೆ ಮೊದಲೇ ಗೊತ್ತು. ಭಾಷೆ ಕಲಿಯುತ್ತಿರುವ ಮಗುವಿಗೆ? ಕಂಡದ್ದನ್ನೇ ಮಗು ಓದುತ್ತದೆ. ಹತ್ತು ವರ್ಷ ಹೀಗೆ ನಡೆದರೆ ಪುಸ್ತಕದ ದನಿಯೇ ಸರಿ, ಅಜ್ಜಿಯ ದನಿ ತಪ್ಪು ಅಂತ ಆಗುತ್ತದೆ. ನನಗೆ ಹೆಚ್ಚು ನೋವು ಕೊಡುವುದು ಈ ದಾರಿಯೇ.

ಎರಡನೆಯದು ನೂನವುಟ್‌ನ ಸಾಮಾನ್ಯ ಬರಹದಲ್ಲಿರುವ ಒಂದು ಉಪಾಯ. ಅಲ್ಲಿ ‘ಹ್’ ದನಿಗೆ ರೋಮನ್ ಎಚ್ ಆಕಾರದ್ದೇ ಒಂದು ಚಿಹ್ನೆ ಇದೆ. ಅದನ್ನು ಬರೆದು ಮುಂದೆ ಸ್ವರದ ಅಕ್ಷರ ಇಡಬೇಕು. ಅಂದರೆ ‘ಹಿ’ ಬೇಕಾದಾಗ ‘ಹ್’ ಒಂದು, ‘ಇ’ ಒಂದು. ನಾವು ‘ಹಾಲು’ ಬರೆಯಬೇಕಾದಾಗಲೆಲ್ಲ ‘ಹ್‌ಆಲು’ ಅಂತ ಬರೆಯಬೇಕಾದ ಹಾಗೆ. ಒಂದು ಸಲ ಬರೆದು ನೋಡಿ: ಹ್‌ಆಲು, ಹ್‌ಊವು, ಹ್‌ಇತ್ತಲು. ಓದಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ನಮ್ಮ ಬರಹ ಅನ್ನಿಸುತ್ತದಾ? ಅಪರೂಪಕ್ಕೆ ಬರುವ ಹೊರಗಿನ ಪದಕ್ಕೆ ಆ ಉಪಾಯ ಸಾಕು. ಮಾತು ಮಾತಿಗೂ ‘ಹ’ ಬರುವ ನುಡಿಗೆ ಸಾಲದು.

ಮೂರನೆಯದು ಫಾಂಟಿನಲ್ಲಿ ಅಡ್ಡದಾರಿ. ಬೇರೆ ಯಾವುದೋ ಅಕ್ಷರದ ಜಾಗದಲ್ಲಿ ನಮಗೆ ಬೇಕಾದ ಚಿತ್ರ ಕೂರಿಸಿಬಿಡುವುದು. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಫೈಲನ್ನು ಇನ್ನೊಬ್ಬರಿಗೆ ಕಳಿಸಿದ ಕ್ಷಣ ಎಲ್ಲ ಒಡೆದುಹೋಗುತ್ತದೆ. ಇನುಯಿಟ್ ಬರಹಕ್ಕೆ ಯೂನಿಕೋಡ್ ಬರುವ ಮೊದಲು ನೂನಾಕಾಮ್, ಪ್ರೊಸಿಲ್ ಎಂಬ ಇಂಥ ಫಾಂಟುಗಳೇ ಬಳಕೆಯಲ್ಲಿದ್ದವು. ನಮ್ಮಲ್ಲಿ ಆಸ್ಕಿ ಫಾಂಟ್ ಅಂತ ಕರೆಯುತ್ತೇವಲ್ಲ, ಅದೇ ಜಾತಿ. ನನ್ನ ಹತ್ತಿರ 20 ವರ್ಷ ಹಿಂದಿನ ಒಂದು ಸ್ಮರಣ ಸಂಚಿಕೆಯ ಫೈಲ್ ಇದೆ. ಅದರ ಫಾಂಟ್ ಈಗ ಎಲ್ಲೂ ಸಿಗುತ್ತಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕಮಾ ಎಲ್ಲ ಕಲಸಿಕೊಂಡು ಕಾಣುತ್ತವೆ. ಒಳಗೆ ಒಬ್ಬ ಹಿರಿಯರು ತಮ್ಮೂರಿನ ಕೆರೆ ಬಗ್ಗೆ ಬರೆದ ಲೇಖನವಿದೆ ಅಂತ ನನಗೆ ಗೊತ್ತು. ಅವರು ಈಗಿಲ್ಲ. ಅಚ್ಚಾದ ಪ್ರತಿಯೂ ನನ್ನ ಹತ್ತಿರ ಇಲ್ಲ.

ನಾಲ್ಕನೆಯದು ರೋಮನ್‌ಗೆ ಹೋಗಿಬಿಡುವುದು. 2019ರಲ್ಲಿ ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಸ್ಥೆ ಎಲ್ಲ ಇನುಯಿಟ್ ನುಡಿಗಳಿಗೂ ಸಲ್ಲುವ ಒಂದು ರೋಮನ್ ಬರಹವನ್ನು ಒಪ್ಪಿಕೊಂಡಿತು. ಅದು ಸಿಲ್ಯಾಬಿಕ್ಸ್ ಜೊತೆಗೆ ಇರಲಿ ಅಂತ ಮಾಡಿದ್ದು, ಸಿಲ್ಯಾಬಿಕ್ಸ್ ತೆಗೆದುಹಾಕಲಿ ಅಂತ ಅಲ್ಲ. ತಾವಾಗಿ ಒಂದು ಬರಹ ಆರಿಸಿಕೊಳ್ಳುವುದು ಅವರ ಹಕ್ಕು. ಆದರೆ ಫೋನಿನಲ್ಲಿ ಅಕ್ಷರ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಬರಹ ಬಿಡಬೇಕಾಗಿ ಬಂದರೆ ಅದು ಆರಿಸಿಕೊಂಡದ್ದು ಆಗುವುದಿಲ್ಲ. ‘ಹೋಗ್ತಿದೀನಿ, ಊಟ ಆಯ್ತಾ’ ಅಂತ ನಾವು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತೇವೆ. ಬೇಕೆಂದಾಗ ಕನ್ನಡಕ್ಕೆ ಮರಳುವ ದಾರಿ ನಮಗಿದೆ. ಅವರಿಗೆ ಆ ಮರಳುವ ದಾರಿಯೇ ಇರಲಿಲ್ಲ.

ಇನುಯಿಟ್ ಭಾಷೆಯನ್ನು ಕಾಪಾಡಲು ನೂನವುಟ್ 2008ರಲ್ಲಿ ಕಾನೂನನ್ನೇ ಮಾಡಿತು. ಕಾನೂನು ಇದೆ, ಶಾಲೆ ಇದೆ, ಕಲಿಸುವವರು ಇದ್ದಾರೆ. ಆದರೆ ಕಲಿಸುವವರು ಒಂದು ಪುಟ ಪಾಠ ಟೈಪ್ ಮಾಡಲು ಕೂತರೆ ಎರಡನೆಯ ಸಾಲಿನಲ್ಲೇ ಕೈ ನಿಂತುಹೋಗಬೇಕು.

ತಿರುವು

ಹೊರಗಿನವರೊಬ್ಬರು ಕೇಳಿದ ಪ್ರಶ್ನೆಯಿಂದ ಕತೆ ತಿರುಗಿತು. ಸಿಲ್ಯಾಬಿಕ್ಸ್ ಅಕ್ಷರಗಳ ವಿನ್ಯಾಸದಲ್ಲಿ ತೊಡಗಿದ್ದ ಒಬ್ಬ ಫಾಂಟ್ ವಿನ್ಯಾಸಕರು ಯೂನಿಕೋಡಿನ ಚಾರ್ಟನ್ನೇ ಕೊನೆಯ ಮಾತು ಅಂತ ತೆಗೆದುಕೊಳ್ಳಲಿಲ್ಲ. ನಾಟ್ಟಿಲಿಕ್ ನುಡಿಯನ್ನು ಉಳಿಸಿ ಕಲಿಸುತ್ತಿರುವ ಹಿರಿಯರ ಜೊತೆ ಮಾತಾಡಿದರು. ನಿಮ್ಮ ಬರಹಕ್ಕೆ ಬೇಕಾದದ್ದೆಲ್ಲ ಇಲ್ಲಿದೆಯೇ? ಅಲ್ಲಿಂದ ಬಂದ ಉತ್ತರವೇ ಆ 12 ಅಕ್ಷರ.

ಸುಲಭವಾದ ಪ್ರಶ್ನೆ ಅನ್ನಿಸುತ್ತದೆ. ಆದರೆ ಚಾರ್ಟ್ ಕೈಯಲ್ಲಿ ಹಿಡಿದವರು ಅದನ್ನು ಕೇಳುವುದು ಕಡಿಮೆ. ಚಾರ್ಟಿನಲ್ಲಿ ಇರುವುದನ್ನೆಲ್ಲ ಬಿಡಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದೇ ಹುಡುಕಾಟದಲ್ಲಿ ಇನ್ನೊಂದೂ ಗೊತ್ತಾಯಿತು. ಬ್ರಿಟಿಷ್ ಕೊಲಂಬಿಯಾದ ಡಕೆಲ್ ಜನರ ಬರಹಕ್ಕೆ ಅಕ್ಷರಗಳೇನೋ ಚಾರ್ಟಿನಲ್ಲಿ ಇದ್ದವು. ಆದರೆ ಕೆಲವದರ ಆಕಾರ ಅವರು ಬರೆಯುವ ಹಾಗೆ ಇರಲಿಲ್ಲ. ಫಾಂಟ್ ಮಾಡುವವರು ಚಾರ್ಟ್ ನೋಡಿ ಬಿಡಿಸುತ್ತಾರೆ. ಅಲ್ಲಿ ಒಂದು ಗೆರೆ ತಪ್ಪಿದರೆ ಎಲ್ಲ ಫಾಂಟಿನಲ್ಲೂ ತಪ್ಪುತ್ತದೆ. ಆ ಆಕಾರಗಳನ್ನೂ ತಿದ್ದಿಸಿದರು.

12 ಯಾಕೆ, 2 ಯಾಕಲ್ಲ

ಇಲ್ಲಿ ಕನ್ನಡದವರಿಗೆ ಒಂದು ಅನುಮಾನ ಬರಬೇಕು. ಇಲ್ಲದ್ದು ಎರಡು ದನಿ. ಮತ್ತೆ 12 ಅಕ್ಷರ ಯಾಕೆ ಬೇಕು?

ಯೂನಿಕೋಡಿನಲ್ಲಿ ಕನ್ನಡ ಇರುವ ಬಗೆ ಬೇರೆ. ನಮ್ಮ ‘ಪ’ಕ್ಕೆ ಒಂದು ನಂಬರ್, ಗುಡಿಸಿಗೆ ಒಂದು ನಂಬರ್. ‘ಪಿ’ ಅಂತ ಬೇರೆ ನಂಬರ್ ಇಲ್ಲ, ಎರಡೂ ಸೇರಿ ಪರದೆಯ ಮೇಲೆ ‘ಪಿ’ ಆಗುತ್ತದೆ. ಹಾಗಾಗಿ ಕನ್ನಡಕ್ಕೆ ಹೊಸ ವ್ಯಂಜನ ಒಂದು ಬೇಕೆಂದರೆ ಒಂದೇ ನಂಬರ್ ಸಾಕು. ಅದರ ಕಾಗುಣಿತ ತಾನಾಗಿ ಬರುತ್ತದೆ.

ಸಿಲ್ಯಾಬಿಕ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ದಿಕ್ಕಿಗೂ ಒಂದು ನಂಬರ್. ತಲೆಯ ಮೇಲೆ ಚುಕ್ಕಿ ಬಂದರೆ ಅದಕ್ಕೂ ಬೇರೆ ನಂಬರ್. ‘ಹಿ, ಹೀ, ಹು, ಹೂ, ಹ, ಹಾ’ ಆರು. ಇನ್ನೊಂದು ದನಿಗೂ ಅದೇ ಆರು. ಆರು ಎರಡಲ ಹನ್ನೆರಡು.

ಚುಕ್ಕಿಯನ್ನು ಬೇರೆ ಮಾಡಿ ಮೂರು ಆಕಾರಗಳಿಗೆ ಮಾತ್ರ ನಂಬರ್ ಕೊಟ್ಟರೆ ಆಗುತ್ತಿರಲಿಲ್ಲವೇ? ಲೆಕ್ಕದಲ್ಲಿ ಆಗುತ್ತಿತ್ತು. ಆದರೆ 1999ರಿಂದ ಉಳಿದ ಎಲ್ಲ ಸಾಲುಗಳೂ ಚುಕ್ಕಿ ಸಮೇತ ಇಡಿಯಾಗಿ ಇವೆ. ಈ ಎರಡು ಸಾಲು ಮಾತ್ರ ಬೇರೆ ರೀತಿ ಆದರೆ ಕೀಬೋರ್ಡ್, ಹುಡುಕಾಟ, ಅಕಾರಾದಿ ಎಲ್ಲದರಲ್ಲೂ ಅವು ಮಲತಾಯಿ ಮಕ್ಕಳಾಗುತ್ತಿದ್ದವು. ಇಡೀ ಮನೆ ಯಾವ ಪದ್ಧತಿಯಲ್ಲಿ ನಡೆಯುತ್ತಿದೆಯೋ ಅದೇ ಪದ್ಧತಿಯಲ್ಲಿ ಇವನ್ನೂ ಸೇರಿಸಿದರು. ಮೊದಲನೆಯ ತೀರ್ಮಾನ ಮುಂದಿನ ಎಲ್ಲ ತೀರ್ಮಾನಗಳನ್ನೂ ಹೇಗೆ ಕಟ್ಟಿಹಾಕುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಜಾಗದ ತೊಂದರೆಯೂ ಬಂತು. ಸಿಲ್ಯಾಬಿಕ್ಸ್‌ಗೆ ಮೊದಲು ಕೊಟ್ಟಿದ್ದ 640 ಮನೆಯೂ ತುಂಬಿತ್ತು. 2009ರಲ್ಲಿ ಕೊಟ್ಟ 80 ಮನೆಯ ಇನ್ನೊಂದು ಬೀದಿಯಲ್ಲಿ 70 ತುಂಬಿ 10 ಉಳಿದಿದ್ದವು. ಈಗ ಬೇಕಾದದ್ದು 16: ನಾಟ್ಟಿಲಿಕ್‌ನ 12, ಹಳೆಯ ಕ್ರೀ ಬರಹಕ್ಕೆ ಬೇಕಾದ 4. ಹಾಗಾಗಿ 16 ಮನೆಯ ಹೊಸ ಬೀದಿಯೇ ಬಂತು, ಊರಿನ ಹೊರಗೆ. ಯೂನಿಕೋಡಿನ ಮೊದಲ 65,536 ಜಾಗ ದಾಟಿ ಆಚೆಗೆ. ಇದು ಸುಮ್ನೆ ವಿಳಾಸದ ಮಾತಲ್ಲ. ಆ ಗಡಿಯ ಒಳಗಿನ ಅಕ್ಷರ ಮಾತ್ರ ಗೊತ್ತಿರುವ ಹಳೆಯ ಸಾಫ್ಟ್‌ವೇರುಗಳು ಇನ್ನೂ ಇವೆ. ಅಂಥ ಕಡೆ ಒಂದೇ ಪದದಲ್ಲಿ ‘ಕು’ ಸರಿಯಾಗಿ ಬಂದು ‘ಹಿ’ ಡಬ್ಬಿಯಾಗಬಹುದು. 1999ರಲ್ಲೇ ಬಂದಿದ್ದರೆ ಈ ಕಷ್ಟ ಇರುತ್ತಿರಲಿಲ್ಲ. ತಡವಾಗಿ ಬಂದವರಿಗೆ ಆಚೆ ಬೀದಿ.

ಅಕ್ಷರ ಸೇರಿಸಿ ಅಂತ ಯೂನಿಕೋಡಿನವರಿಗೆ ಮನವಿ ಬರೆಯುವುದೂ ಸಣ್ಣ ಕೆಲಸವಲ್ಲ. ಅಕ್ಷರ ನಿಜಕ್ಕೂ ಬಳಕೆಯಲ್ಲಿದೆ ಅನ್ನುವುದಕ್ಕೆ ಸಾಕ್ಷಿ ಬೇಕು. ಪ್ರತಿ ಅಕ್ಷರಕ್ಕೂ ಹೆಸರು ಬೇಕು, ಯಾವುದರ ಮುಂದೆ ಯಾವುದು ಅನ್ನುವ ಕ್ರಮ ಬೇಕು, ಚಾರ್ಟಿನಲ್ಲಿ ಅಚ್ಚು ಹಾಕಲು ಫಾಂಟ್ ಬೇಕು. ನುಡಿ ಬಲ್ಲವರಿಗೆ ಈ ಕಾಗದಪತ್ರದ ಭಾಷೆ ಗೊತ್ತಿರುವುದಿಲ್ಲ, ಕಾಗದಪತ್ರ ಬಲ್ಲವರಿಗೆ ನುಡಿ ಗೊತ್ತಿರುವುದಿಲ್ಲ. ಇಬ್ಬರೂ ಒಂದೇ ಮೇಜಿಗೆ ಬಂದದ್ದರಿಂದಲೇ ಇದು ದಡ ಸೇರಿತು. 2020ರಲ್ಲಿ ಮನವಿ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 14 ಬಂದಾಗ 12 ಅಕ್ಷರವೂ ಒಳಗಿದ್ದವು. 1999ರಿಂದ ಲೆಕ್ಕ ಹಾಕಿದರೆ 22 ವರ್ಷ.

ಹೆಸರಿನ ವಿಷಯ

ಅದೇ ಯೂನಿಕೋಡ್ 14ರಲ್ಲಿ ಕನ್ನಡದ ಅಕ್ಷರವೂ ಒಂದು ಬಂತು. ನಕಾರ ಪೊಲ್ಲು. ಹಳಗನ್ನಡದ ಬರಹಗಳಲ್ಲಿ ಕಾಣುವ ಅರ್ಧ ನಕಾರ. ನಾಟ್ಟಿಲಿಕ್‌ನ ‘ಹ’, ನಮ್ಮ ನಕಾರ ಪೊಲ್ಲು ಎರಡೂ ಒಂದೇ ದಿನ ಒಂದೇ ಬಾಗಿಲಿನಿಂದ ಒಳಗೆ ಬಂದವು. ಇದು ತಿಳಿದ ದಿನ ನನಗೆ ತುಂಬಾ ಸಂತೋಷವಾಯಿತು.

ಪಕ್ಕದ ಮನೆಯಲ್ಲೇ ನಮ್ಮ ‘ೞ’ ಇದೆ. ಹಳಗನ್ನಡ ಓದಿದವರಿಗೆ ಗೊತ್ತು, ‘ಬಾೞ್’, ‘ಏೞ್’ ಎಂಬಲ್ಲಿ ಬರುವ ಅಕ್ಷರ. ಯೂನಿಕೋಡಿನಲ್ಲಿ ಇದರ ಹೆಸರು ಏನು ಗೊತ್ತಾ? ‘ಕನ್ನಡ ಲೆಟರ್ ಎಫ್ಎ’. ಅಂದರೆ ‘ಫ’. ಮೊದಲು ಪಟ್ಟಿ ಮಾಡುವಾಗ ಆದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಯೂನಿಕೋಡ್ ಯಾವತ್ತೂ ಬದಲಾಯಿಸುವುದಿಲ್ಲ, ಅದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಹೆಸರು ತಪ್ಪು ಅಂತ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಬಹುದು, ಅಷ್ಟೇ. ಒಂದು ಹಳಗನ್ನಡ ಪಠ್ಯದ ಪ್ರೂಫ್ ತಿದ್ದುವಾಗ ನಾನು ಈ ಅಕ್ಷರವನ್ನು ಚಾರ್ಟಿನಲ್ಲಿ ‘ಳ’ದ ಹತ್ತಿರ ಹುಡುಕಿದೆ, ‘ಷ’ದ ಹತ್ತಿರ ಹುಡುಕಿದೆ. ಹೆಸರು ಹಾಕಿ ಹುಡುಕಿದರೆ ಸಿಗಲಿಲ್ಲ. ಕೊನೆಗೆ ಒಂದೊಂದೇ ಚಿತ್ರ ನೋಡುತ್ತಾ ಹೋದಾಗ ಸಿಕ್ಕಿತು.

ನಾಟ್ಟಿಲಿಕ್ ಪ್ರಕರಣದಲ್ಲಿ 12 ಅಕ್ಷರದ ಹೆಸರಿನಲ್ಲೂ ‘ನಾಟ್ಟಿಲಿಕ್’ ಅಂತ ಇದೆ. ‘ಕೆನಡಿಯನ್ ಸಿಲ್ಯಾಬಿಕ್ಸ್ ನಾಟ್ಟಿಲಿಕ್ ಹಿ’. ಹೆಸರು ಬದಲಾಗದು ಅನ್ನುವ ಅದೇ ನಿಯಮ ನಮ್ಮ ‘ೞ’ಕ್ಕೆ ತಪ್ಪನ್ನು ಕಾಯಂ ಮಾಡಿತು, ಅವರಿಗೆ ಅವರ ಜನದ ಹೆಸರನ್ನು ಕಾಯಂ ಮಾಡಿತು. ಪಟ್ಟಿ ಬರೆಯುವ ದಿನ ಆ ಅಕ್ಷರ ಬಳಸುವವರು ಪಕ್ಕದಲ್ಲಿದ್ದರು ಅನ್ನುವುದು ದೊಡ್ಡ ವ್ಯತ್ಯಾಸ.

ನಂಬರ್ ಸಿಕ್ಕ ಮೇಲೆ

ಯೂನಿಕೋಡಿನಲ್ಲಿ ನಂಬರ್ ಸಿಕ್ಕ ಕೂಡಲೇ ಫೋನಿನಲ್ಲಿ ಅಕ್ಷರ ಬರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಂಬರ್ ಅಂದರೆ ಮನೆಗೆ ವಿಳಾಸ ಸಿಕ್ಕಿದ ಹಾಗೆ. ರಸ್ತೆ ಆಗಬೇಕು, ಕರೆಂಟ್ ಬರಬೇಕು. ಮೊದಲು ಫಾಂಟ್, ಆಮೇಲೆ ಕೀಬೋರ್ಡ್, ಆಮೇಲೆ ಅವೆರಡೂ ಫೋನು ಕಂಪ್ಯೂಟರುಗಳ ಒಳಗೇ ಬರುವುದು. ಬೇಕಾದ ಫಾಂಟನ್ನು ಕಂಪ್ಯೂಟರಿಗೆ ನಾವೇ ಹಾಕಿಕೊಳ್ಳಬಹುದು. ಎಷ್ಟೋ ಫೋನುಗಳಲ್ಲಿ ಹಾಗಾಗುವುದಿಲ್ಲ, ಕಂಪನಿ ಕೊಟ್ಟದ್ದನ್ನೇ ಬಳಸಬೇಕು. ಇಂಥ ಕೆಲಸಕ್ಕೆ ಕೂರುವವರು ಮನವಿ ಬರೆಯುವಾಗಲೇ ಫಾಂಟ್, ಕೀಬೋರ್ಡಿಗೂ ಜನ ಹೊಂದಿಸಿಕೊಳ್ಳಬೇಕು. ಈ ಪ್ರಕರಣದಲ್ಲಿ ಅದು ಜೊತೆಗೇ ಸಾಗಿದ್ದು ಅದೃಷ್ಟವಲ್ಲ, ಮನವಿ ಬರೆದವರು ಫಾಂಟ್ ಮಾಡುವವರೇ ಆಗಿದ್ದರು.

ನಮ್ಮ ಸುತ್ತಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಇದೆ. ತುಳುವಿನಲ್ಲಿ ‘ಯಾನ್ ಬತ್ತೆ’ ಅಂದರೆ ನಾನು ಬಂದೆ. ‘ಆಯೆ ಬತ್ತೆ’ ಅಂದರೆ ಅವನು ಬಂದ. ಕನ್ನಡ ಲಿಪಿಯಲ್ಲಿ ಎರಡೂ ‘ಬತ್ತೆ’. ತುಳುವರ ಬಾಯಲ್ಲಿ ಕೇಳಿ, ಕೊನೆಯ ಎಕಾರ ಎರಡು ಕಡೆ ಒಂದೇ ಅಲ್ಲ. ಒಂದರಲ್ಲಿ ಬಾಯಿ ಜಾಸ್ತಿ ತೆರೆಯುತ್ತದೆ. ಕೊಡವ ತಕ್ಕಿನಲ್ಲೂ ಕನ್ನಡ ಲಿಪಿಯಲ್ಲಿ ಗುರುತಿಲ್ಲದ ಸ್ವರಗಳಿವೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತು, ಹಸ್ತಪ್ರತಿ ಓದುವವರಿಗೆ ಅದರಿಂದ ದೊಡ್ಡ ಉಪಕಾರ. ಆದರೆ ಇವತ್ತು ಮಂಗಳೂರಿನ ಹುಡುಗಿಯೊಬ್ಬಳು ತುಳುವಿನಲ್ಲಿ ಮೆಸೇಜ್ ಹಾಕುವುದು ಕನ್ನಡ ಕೀಬೋರ್ಡಿನಲ್ಲೇ. ಅವಳ ಆ ಎರಡನೆಯ ಎಕಾರವನ್ನು ಹೇಗೆ ಬರೆಯಬೇಕು ಅಂತ ಕನ್ನಡ ಫಾಂಟ್, ಕೀಬೋರ್ಡ್ ಮಾಡುವ ನಾವು ಅವಳನ್ನು ಕೇಳಿದ್ದೇವಾ? ನಾನಂತೂ ಕೇಳಿರಲಿಲ್ಲ. ಈ ಪ್ರಕರಣ ಓದಿದ ಮೇಲೆ ಒಬ್ಬ ತುಳು ಗೆಳೆಯನಿಗೆ ಫೋನ್ ಮಾಡಿದೆ. ಅವನು ಎರಡೂ ‘ಬತ್ತೆ’ಯನ್ನು ನಿಧಾನವಾಗಿ ಮೂರು ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ನನ್ನ ಕಿವಿಗೆ ವ್ಯತ್ಯಾಸ ಹತ್ತಿತು.

ಈ ಬರಹ ಮುಗಿಸುವ ಮೊದಲು ಹೊಸ ಅಕ್ಷರಗಳಿರುವ ಒಂದು ಫಾಂಟನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಹಾಕುವ ಮುಂಚೆ ಪುಟದಲ್ಲಿ 12 ಖಾಲಿ ಡಬ್ಬಿ ಸಾಲಾಗಿ ಕೂತಿದ್ದವು. ಹಾಕಿ ಪುಟವನ್ನು ಮತ್ತೆ ತೆರೆದಾಗ ಡಬ್ಬಿಗಳ ಜಾಗದಲ್ಲಿ ಅಕ್ಷರ. ಅದರಲ್ಲಿ ಮೊದಲನೆಯದನ್ನು ಎತ್ತಿ ಖಾಲಿ ಹಾಳೆಯ ಮೇಲೆ ಇಟ್ಟೆ. ಪಕ್ಕದಲ್ಲಿ 1999ರಿಂದಲೂ ಇರುವ ‘ಕು’ ಇಟ್ಟೆ. ಹಿಕು. ಎರಡೇ ಅಕ್ಷರ.